ಅಪ್ಪ ಕಾಲೇಜನ್ನು ಮಡಚಿ ನೋಡಿದ್ದು

ಬೆಂಗಳೂರಿನ ಎರಡು ಕಾಲೇಜುಗಳ ಪರಿಚಯ ಪುಸ್ತಕಗಳು ಶಿವಮೊಗ್ಗದ ವಿನೋಬನಗರದ ನಮ್ಮ ಮನೆಗೆ ಒಂದೇ ವಾರದಲ್ಲಿ ಬಂದವು. ನಾನು ಎರಡನ್ನೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಬಾಯಿಪಾಠ ಮಾಡಿಕೊಂಡಿದ್ದೆ. ಅಪ್ಪ ಒಂದಕ್ಷರವನ್ನೂ ಓದಲಿಲ್ಲ. ಒಂದು ಹಾಳೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿದರು, ಮೂಗಿನ ಹತ್ತಿರ ತಂದರು, ಕಿಟಕಿಯ ಬೆಳಕಿಗೆ ಹಿಡಿದರು, ಕಿವಿಯ ಪಕ್ಕ ಪಟಪಟ ಎನ್ನಿಸಿದರು. ಆಮೇಲೆ ಪುಸ್ತಕಗಳನ್ನು ಟೀಪಾಯಿಯ ಮೇಲಿಟ್ಟು ಕಾಫಿ ಕುಡಿದರು. ಹೆಣ್ಣು ನೋಡಲು ಬಂದವರೂ ಇಷ್ಟು ಪರೀಕ್ಷೆ ಮಾಡುವುದಿಲ್ಲ ಎಂದು ಅಮ್ಮ ಅಡುಗೆಮನೆಯಿಂದಲೇ ಚುಚ್ಚಿದಳು.

ಅಪ್ಪ ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ತಯಾರಾದ ಹಾಳೆಗಳನ್ನು ಪರೀಕ್ಷಿಸಿ, ಕೆಟ್ಟದ್ದನ್ನು ಹೊರಗೆಳೆದು, ಒಳ್ಳೆಯದನ್ನು ಕಟ್ಟು ಕಟ್ಟಲು ಕಳಿಸುವ ವಿಭಾಗ ಅವರದು. ನಾನು ಹುಟ್ಟಿದ್ದೇ ಕಾಗದನಗರದ ಕ್ವಾರ್ಟರ್ಸಿನಲ್ಲಿ. ಮಿಲ್ಲು ನಿಂತ ಮೇಲೆ ಶಿವಮೊಗ್ಗಕ್ಕೆ ಬಂದೆವು. ಕೋಟೆಯ ಹತ್ತಿರದ ಒಂದು ಲಗ್ನಪತ್ರಿಕೆ ಅಂಗಡಿಯಲ್ಲಿ ಕಾಗದ ಕತ್ತರಿಸುವ ಯಂತ್ರದ ಮುಂದೆ ಅಪ್ಪ ಕೆಲಸಕ್ಕೆ ನಿಂತರು. ಶಾಲೆಗೆ ರಜೆ ಬಂದಾಗಲೆಲ್ಲ ನಾನೂ ಅಲ್ಲೇ ಇರುತ್ತಿದ್ದೆ. ಪತ್ರಿಕೆಯ ಮೇಲೆ ಗಣಪತಿ ಎಲ್ಲಿ ಕೂರಬೇಕು, ಹುಡುಗಿಯ ಹೆಸರು ಎಷ್ಟು ದಪ್ಪ ಇರಬೇಕು, ಒಂದು ಡಜನ್ ಸೋದರಮಾವಂದಿರ ಹೆಸರನ್ನು ಯಾರಿಗೂ ಬೇಜಾರಾಗದಂತೆ ಹೇಗೆ ತುರುಕಬೇಕು ಎಂಬುದನ್ನೆಲ್ಲ ನೋಡಿ ನೋಡಿ ನನಗೆ ಈ ವಿನ್ಯಾಸದ ಹುಚ್ಚು ಹಿಡಿಯಿತು. ಹೈಸ್ಕೂಲು ಮುಗಿಯುವಷ್ಟರಲ್ಲಿ ಅಂಗಡಿಯ ಅರ್ಧ ಪತ್ರಿಕೆಗಳನ್ನು ನಾನೇ ಜೋಡಿಸುತ್ತಿದ್ದೆ. ಜಂಬವಲ್ಲ, ಮಾಲೀಕರನ್ನು ಬೇಕಾದರೆ ಕೇಳಿ.

ಪಿಯುಸಿ ಮುಗಿದ ಮೇಲೆ ಗ್ರಾಫಿಕ್ ಡಿಸೈನ್ ಪದವಿ ಓದುತ್ತೇನೆ, ಅದೂ ಬೆಂಗಳೂರಿನಲ್ಲಿ ಎಂದಾಗ ಮನೆಯಲ್ಲಿ ಭೂಕಂಪವೇನೂ ಆಗಲಿಲ್ಲ. ಕೋಟೆಯ ಬಳಿಯಿರುವ ದೊಡ್ಡಮ್ಮ ಮಾತ್ರ, "ಡಿಸೈನ್ ಅಂದ್ರೆ ಬ್ಲೌಸಾ? ಅದಕ್ಕೆ ಬೆಂಗ್ಳೂರು ಯಾಕೆ ಮಾರಾಯ್ತಿ, ನಮ್ಮ ಬೀದೀಲೇ ಮೂರು ಜನ ಹೊಲೀತಾರೆ" ಎಂದರು. ಅಪ್ಪ ಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಅವರು ಹೇಳಿದ್ದು ಅದಕ್ಕಿಂತ ಕಷ್ಟದ್ದು.

"ಎರಡರಲ್ಲಿ ಒಂದು ಆರಿಸು. ಯಾಕೆ ಆರಿಸ್ದೆ ಅಂತ ನಂಗೆ ಒಂದೇ ಮಾತಲ್ಲಿ ಹೇಳು. ಹೇಳಿದ್ರೆ ಕಳಿಸ್ತೀನಿ. ಇಲ್ಲ ಅಂದ್ರೆ ಇಲ್ಲೇ ಬಿ.ಕಾಂ. ಸೇರ್ಕೋ. ಅಪ್ಲಿಕೇಶನ್ ತಂದಿಟ್ಟಿದೀನಿ, ಬರೋದಲ್ಲ, ಅದರ ಮುಂದಿನ ಸೋಮವಾರ ಕೊನೆ ದಿನ."

ಇದರಲ್ಲೇನು ಕಷ್ಟ ಎಂದುಕೊಂಡೆ. ನನ್ನ ಮನಸ್ಸು ಆಗಲೇ ಒಂದರ ಮೇಲೆ ಕೂತಾಗಿತ್ತು. ಒಂದು ಪುಸ್ತಕ ದಪ್ಪಗಿತ್ತು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕಡುನೀಲಿ ಹೊದಿಕೆ, ಒಳಗೆ ಗಾಜಿನ ಕಟ್ಟಡ, ಈಜುಕೊಳ, ಒಬ್ಬೊಬ್ಬರ ಮುಂದೂ ಒಂದೊಂದು ದೊಡ್ಡ ಕಂಪ್ಯೂಟರ್, ಹುಲ್ಲಿನ ಮೇಲೆ ಕೂತು ಕಾರಣವಿಲ್ಲದೆ ನಗುತ್ತಿರುವ ಹುಡುಗಿಯರು. ಆ ಹುಡುಗಿಯರ ಪಕ್ಕದಲ್ಲಿ ನನ್ನನ್ನೂ ಕೂರಿಸಿಕೊಂಡು ನಾನು ಎಷ್ಟೋ ಸಲ ನಕ್ಕಾಗಿತ್ತು. ಆನ್‌ಲೈನ್ ಸಂದರ್ಶನ ಮುಗಿದು ಅವರು ಸೀಟನ್ನೂ ಕೊಟ್ಟಿದ್ದರು. ಹೂಂ ಎಂದು ಖಚಿತಪಡಿಸುವುದಷ್ಟೇ ಬಾಕಿ. ಇನ್ನೊಂದು ಪುಸ್ತಕ ಬೂದು ಬಣ್ಣದ್ದು, ತೆಳು. ಅದರಲ್ಲಿ ಶಾಯಿ ಮೆತ್ತಿದ ಕೈಗಳ ಚಿತ್ರಗಳಿದ್ದವೇ ಹೊರತು ಕಟ್ಟಡದ ಚಿತ್ರವೇ ಇರಲಿಲ್ಲ. ತೋರಿಸಲಾಗದಷ್ಟು ಕೆಟ್ಟದಾಗಿರಬೇಕು ಎಂದು ತೀರ್ಮಾನಿಸಿದ್ದೆ. ಅವರು ಶುಕ್ರವಾರ ನೇರ ಸಂದರ್ಶನಕ್ಕೆ ಕರೆದಿದ್ದರು.

ಭಾನುವಾರ ಬೆಳಿಗ್ಗೆ ದೋಸೆ ತಿನ್ನುವಾಗ ನೀಲಿ ಪುಸ್ತಕವನ್ನು ಅಪ್ಪನ ಮುಂದಿಟ್ಟೆ.

"ಇದು. ಪ್ಲೇಸ್‌ಮೆಂಟ್ ಚೆನ್ನಾಗಿದೆ."

"ಇಬ್ರೂ ಹಾಗೇ ಬರ್ದಿರ್ತಾರೆ."

"ಲ್ಯಾಬ್ ಚೆನ್ನಾಗಿದೆ."

"ಫೋಟೋ ಚೆನ್ನಾಗಿದೆ ಅನ್ನು" ಎಂದು ಅಪ್ಪ ಕೈ ಒರೆಸಿಕೊಂಡು ಪುಸ್ತಕವನ್ನು ತಿರುಗಿಸಿ ಬೆನ್ನು ತೋರಿಸಿದರು. "ಇಲ್ನೋಡು."

ಹೊದಿಕೆ ಮಡಚಿದ ಜಾಗದಲ್ಲಿ ನೀಲಿ ಬಣ್ಣ ಸಿಡಿದು ಉದ್ದಕ್ಕೂ ಒಂದು ಬಿಳಿ ಗೆರೆ ಬಿದ್ದಿತ್ತು. ಕಾಗದಕ್ಕೂ ಎಳೆ ಇರುತ್ತದೆ. ಯಂತ್ರದಲ್ಲಿ ಅದು ಓಡಿಬಂದ ದಿಕ್ಕಿಗೇ ಅದರ ನಾರು ಮಲಗಿರುತ್ತದೆ. ಎಳೆಯ ಜೊತೆಗೆ ಹರಿದರೆ ನೇರವಾಗಿ ಹರಿಯುತ್ತದೆ, ಅಡ್ಡಕ್ಕೆ ಹರಿದರೆ ಹಲ್ಲುಹಲ್ಲಾಗುತ್ತದೆ. ದಪ್ಪ ಕಾಗದವನ್ನು ಎಳೆಗೆ ಅಡ್ಡವಾಗಿ ಮಡಚಿದರೆ ಹೀಗೆ ಒಡೆಯುತ್ತದೆ. ಇದನ್ನು ಅಪ್ಪ ನನಗೆ ಚಿಕ್ಕಂದಿನಿಂದ ಹೇಳಿದ್ದರು, ನಾನು ಚಿಕ್ಕಂದಿನಿಂದ ಕೇಳಿಸಿಕೊಂಡಿರಲಿಲ್ಲ.

"ಎಳೆಗೆ ಅಡ್ಡ ಮಡಚಿದಾರೆ" ಎಂದರು ಅಪ್ಪ. "ನಮ್ಮ ಸೆಕ್ಷನ್ನಿಗೆ ಹಿಂಗೆ ಬಂದಿದ್ರೆ ವಾಪಸ್ ಕಳಿಸ್ತಿದ್ವಿ. ಡಿಸೈನ್ ಕಲಿಸ್ತೀವಿ ಅನ್ನೋರು ಇವ್ರು?"

ನನಗೆ ಸಿಟ್ಟು ಬರುವುದು ಹಾಲು ಉಕ್ಕಿದ ಹಾಗೆ, ಮುನ್ಸೂಚನೆ ಕಡಿಮೆ. ಒಂದು ಮಡಿಕೆ ನೋಡಿ ಇಡೀ ಕಾಲೇಜನ್ನು ತಳ್ಳಿಹಾಕುವುದೇ? ನನ್ನ ನಾಲ್ಕು ವರ್ಷ, ನನ್ನ ಜೀವನ, ಇವರಿಗೆ ಅದೊಂದು ಕೆಟ್ಟ ಹಾಳೆಯೇ? ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಕೊನೆಗೆ ಅನ್ನಬಾರದ್ದನ್ನೂ ಅಂದೆ.

"ಮಿಲ್ಲೇ ನಿಂತುಹೋಯ್ತು, ನೀವಿನ್ನೂ ಕಾಗದ ಕಾಗದ ಅಂತಾನೇ ಕೂತಿದೀರ!"

ಅಮ್ಮನ ಸಟ್ಟುಗ ಕಾವಲಿಯ ಮೇಲೆ ಹಾಗೇ ನಿಂತಿತು. ಅಪ್ಪ ತಟ್ಟೆ ತೊಳೆದಿಟ್ಟು, ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯಲು ಹೋದರು. ಆ ಕೆಲಸವನ್ನು ಅವರು ಹಿಂದೆಂದೂ ಮಾಡಿದವರಲ್ಲ. ಅಂದ ತಕ್ಷಣವೇ ನನಗೆ ನಾಚಿಕೆಯಾಯಿತು. ಆದರೆ ನಾಚಿಕೆಯಾಗಿದೆ ಎಂದು ಒಪ್ಪಿಕೊಳ್ಳುವ ಜಾತಿ ನನ್ನದಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಸಂದರ್ಶನದ ತಯಾರಿಗೆ ಕೂತೆ. ಹೋಗುವುದೇ ಇಲ್ಲ ಎಂದುಕೊಂಡಿದ್ದ ಬೂದು ಕಾಲೇಜಿನ ಸಂದರ್ಶನಕ್ಕೆ.

ನನ್ನ ಕೆಲಸಗಳನ್ನು ಒಂದು ಫೋಲ್ಡರಿನಲ್ಲಿಟ್ಟು ತರಬೇಕೆಂದು ಅವರು ಬರೆದಿದ್ದರು. ಲಗ್ನಪತ್ರಿಕೆಗಳು, ನಮ್ಮೂರಿನ ಗಾಂಧಿಬಜಾರಿನ ಅಂಗಡಿಗಳ ನಾಮಫಲಕಗಳನ್ನು ನೋಡಿ ಬರೆದ ಅಕ್ಷರಗಳು, ದೊಡ್ಡಮ್ಮನ ಉಪ್ಪಿನಕಾಯಿ ಬಾಟಲಿಗೆ ಮಾಡಿದ ಚೀಟಿ, ಎಲ್ಲ ಸಿದ್ಧವಿತ್ತು. ಫೋಲ್ಡರಿಗೆಂದು ನೆಹರೂ ರಸ್ತೆಯಿಂದ ಕೆಂಪು ಬಣ್ಣದ ದಪ್ಪ ರಟ್ಟುಕಾಗದ ತಂದಿದ್ದೆ. ಅಳತೆ ಮಾಡಿ, ಗೆರೆ ಹಾಕಿ, ಉಸಿರು ಬಿಗಿಹಿಡಿದು ಮಡಚಿದೆ. ಕರಕರ ಎಂಬ ಸಣ್ಣ ಸದ್ದು ಬಂತು. ಮಡಿಕೆಯ ಉದ್ದಕ್ಕೂ ಬಿಳಿ ಗೆರೆ.

ನಾನೂ ಎಳೆಗೆ ಅಡ್ಡ ಮಡಚಿದ್ದೆ. ಆಮೇಲೆ ಬಾಗಿಲು ತೆಗೆದು, ಪೇಪರ್ ಓದುತ್ತಿದ್ದ ಅಪ್ಪನ ತೊಡೆಯ ಮೇಲೆ ಆ ಕೆಂಪು ರಟ್ಟನ್ನು ಇಟ್ಟೆ. ಕ್ಷಮಿಸಿ ಎಂದು ಹೇಳಲು ಹೋದರೆ ಗಂಟಲಿನಿಂದ ಅಳು ಮಾತ್ರ ಬಂತು. ಅಪ್ಪ ರಟ್ಟನ್ನು ಕನ್ನಡಕದ ಮೇಲಿನಿಂದ ನೋಡಿದರು, ನನ್ನನ್ನು ನೋಡಿದರು.

"ಅಳ್ಬೇಡ. ಕಾಗದ ನೆನೆಯುತ್ತೆ" ಎಂದರು. "ನಾಳೆ ಭದ್ರಾವತಿಗೆ ಹೋಗೋಣ. ಒಳ್ಳೇ ಶೀಟು ಯಾರ ಹತ್ರ ಇದೆ ಅಂತ ನಂಗೊತ್ತು."

ಮರುದಿನ ಬಸ್ಸಿನಲ್ಲಿ ಭದ್ರಾವತಿಗೆ ಹೋದೆವು. ಕಾಗದನಗರದಲ್ಲಿ ಆಟೋ ಇಳಿದಾಗ ನನಗೆ ಮೊದಲು ಅನಿಸಿದ್ದು ಗಾಳಿ ಬೇರೆಯಾಗಿದೆ ಎಂದು. ನಾನು ಚಿಕ್ಕವಳಿದ್ದಾಗ ಇಲ್ಲಿ ಬೇಯಿಸಿದ ಎಲೆಕೋಸಿನಂಥ ಮಿಲ್ಲಿನ ವಾಸನೆ ಸದಾ ಇರುತ್ತಿತ್ತು, ನೆಂಟರು ಮೂಗು ಮುಚ್ಚಿಕೊಳ್ಳುತ್ತಿದ್ದರು, ನಮಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ಗಾಳಿ ಸ್ವಚ್ಛವಾಗಿತ್ತು. ಅಪ್ಪ ಒಂದು ಸಲ ಉದ್ದಕ್ಕೆ ಉಸಿರೆಳೆದು ಮುಂದೆ ನಡೆದರು.

ಅಪ್ಪನ ಜೊತೆ ಅದೇ ವಿಭಾಗದಲ್ಲಿದ್ದ ತಮಿಳು ಮಾಮ ಇನ್ನೂ ಅಲ್ಲೇ ಕ್ವಾರ್ಟರ್ಸಿನಲ್ಲಿದ್ದರು. ನನ್ನನ್ನು ನೋಡಿ, "ಅಯ್ಯೋ ಸಾಮಿ, ಪಾಪಾ ಇಷ್ಟುದ್ದ ಆಗ್ಬಿಟ್ಟಿದಾ!" ಎಂದು ಎರಡೂ ಕೈ ಮೇಲೆತ್ತಿದರು. ಮಂಚದ ಕೆಳಗಿನಿಂದ ಬಟ್ಟೆ ಸುತ್ತಿದ ಒಂದು ಕಟ್ಟನ್ನು ಎಳೆದರು. ಯಾವುದೋ ಕಾಲದಲ್ಲಿ ನೆನಪಿಗೆಂದು ಕೊಂಡಿಟ್ಟುಕೊಂಡ ದಪ್ಪ ಹಾಳೆಗಳು, ಒಂದಕ್ಕೂ ಹುಳ ಬಿದ್ದಿರಲಿಲ್ಲ. ಹೆಂಗಸರು ರೇಷ್ಮೆ ಸೀರೆ ಇಟ್ಟುಕೊಳ್ಳುವ ಹಾಗೆ ಬೇವಿನೆಲೆ ಹಾಕಿ ಇಟ್ಟಿದ್ದರು.

ಅವರು ಹಾಳೆ ಬಿಚ್ಚುವಾಗ ನಾನು ಮೆಲ್ಲಗೆ ಚೀಲದಿಂದ ನೀಲಿ ಪುಸ್ತಕ ತೆಗೆದು ಅವರ ಕೈಗೆ ಕೊಟ್ಟೆ. ಬೇಕೆಂದೇ ಏನೂ ಹೇಳಲಿಲ್ಲ. ಅಪ್ಪನದು ಬರೀ ಹಟವೋ ಏನೋ ಎಂಬ ಅನುಮಾನ ನನ್ನಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಮಾಮ ಪುಸ್ತಕವನ್ನು ಉಜ್ಜಿದರು, ಮೂಗಿಗೆ ಹಿಡಿದರು, ಕಿವಿಗೆ ಹಿಡಿದರು. ಬೆನ್ನು ತಿರುಗಿಸಿದವರೇ ಅಪ್ಪನ ಮುಖ ನೋಡಿ ಹೋ ಎಂದು ನಕ್ಕರು. ಅಪ್ಪನೂ ನಕ್ಕರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಪ್ಪ ಹಾಗೆ ನಕ್ಕಿದ್ದನ್ನು ನೋಡಿ ನನಗೆ ಎಷ್ಟು ವರ್ಷವಾಗಿತ್ತೋ.

"ಯಾರು ಮಾಡಿದ್ದು ಪಾಪಾ ಇದು?" ಎಂದು ಮಾಮ ಕೇಳಿದರು.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವಲ್ಲ ಎಂದು ಅನಿಸಿದ್ದೂ ಅದೇ ಮೊದಲು. ಪುಸ್ತಕದಲ್ಲಿ ಈಜುಕೊಳ ಕಟ್ಟಿಸಿದವರ ಫೋಟೋ ಇತ್ತು, ಪುಸ್ತಕ ಮಾಡಿದವರ ಹೆಸರಿರಲಿಲ್ಲ. ಆ ಮಧ್ಯಾಹ್ನ ಇಬ್ಬರೂ ಸೇರಿ ನನ್ನಿಂದ ಮೂರು ಫೋಲ್ಡರ್ ಮಾಡಿಸಿದರು. ಹಾಳೆಯ ಒಂದು ಚೂರನ್ನು ಒದ್ದೆ ಮಾಡಿ, ಅದು ಯಾವ ಕಡೆಗೆ ಸುರುಳಿಯಾಗುತ್ತದೆ ಎಂದು ನೋಡಿ ಎಳೆ ಕಂಡುಹಿಡಿಯುವುದನ್ನು ಕಲಿಸಿದರು. ಎರಡನ್ನು ಕೆಡಿಸಿದೆ. ಮೂರನೆಯದು ಬೆಣ್ಣೆಯ ಹಾಗೆ ಮಡಚಿಕೊಂಡಿತು.

ಗುರುವಾರ ಅಪ್ಪನೂ ನಾನೂ ಬೆಂಗಳೂರಿಗೆ ಹೋಗಿ, ಮೊದಲು ಗಾಜಿನ ಕಟ್ಟಡಕ್ಕೆ ಹೋದೆವು. ಸುಳ್ಳು ಹೇಳಬಾರದು, ಎದುರಿಗೆ ನಿಂತಾಗ ಬಾಯಿ ಬಿಟ್ಟು ನೋಡಿದೆ. ಫೋಟೋದಲ್ಲಿದ್ದುದಕ್ಕಿಂತ ಚೆನ್ನಾಗಿತ್ತು. ಈಜುಕೊಳದಲ್ಲಿ ನಿಜವಾದ ನೀರಿತ್ತು. ತಂಪಾದ ಕೋಣೆಯಲ್ಲಿ ಕೂರಿಸಿ, ಸೆಂಟಿನ ಪರಿಮಳ ಬೀರುತ್ತಿದ್ದ ಒಬ್ಬ ಮೇಡಂ ನಮಗೆ ಜ್ಯೂಸ್ ಕೊಟ್ಟರು. ಅಪ್ಪ ನನ್ನ ಪಕ್ಕದಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು. ಇಲ್ಲಿ ಒಂದು ಮಾತನ್ನೂ ಆಡುವುದಿಲ್ಲ ಎಂದು ರೈಲಿನಲ್ಲೇ ಹೇಳಿಬಿಟ್ಟಿದ್ದರು.

"ಏನಾದ್ರೂ ಕೇಳೋದಿದ್ಯಾ ಡಿಯರ್?" ಎಂದರು ಮೇಡಂ.

"ಈ ಪುಸ್ತಕ ಯಾರು ಮಾಡಿದ್ದು ಮೇಡಂ?"

"ಅದಾ? ಒಂದು ಏಜೆನ್ಸಿ. ತುಂಬಾ ದೊಡ್ಡೋರು."

"ಇಲ್ಲಿ ಓದೋರು ಯಾಕೆ ಮಾಡ್ಲಿಲ್ಲ?"

ಮೇಡಂ ಮುದ್ದಾಗಿ ನಕ್ಕರು. "ಸ್ಟೂಡೆಂಟ್ಸಾ? ಇಷ್ಟು ಇಂಪಾರ್ಟೆಂಟ್ ಕೆಲ್ಸ ಸ್ಟೂಡೆಂಟ್ಸ್ ಕೈಗೆ ಕೊಟ್ರೆ ಹಾಳ್ಮಾಡಿ ಇಡ್ತಾರೆ ಅಷ್ಟೇ."

ಅವರು ಕೆಟ್ಟವರಲ್ಲ, ಅವರ ಕೆಲಸ ಅವರು ಮಾಡುತ್ತಿದ್ದರು. ಆದರೆ ನಾನು ಜ್ಯೂಸಿನ ಲೋಟವನ್ನು ಕೆಳಗಿಟ್ಟೆ. ಹೈಸ್ಕೂಲಿನಲ್ಲಿರುವಾಗಲೇ ಲಗ್ನಪತ್ರಿಕೆ ಅಂಗಡಿಯ ಮಾಲೀಕರು ನನ್ನ ಕೈಗೆ ಒಂದು ಇಡೀ ಮದುವೆಯ ಪತ್ರಿಕೆಯನ್ನು ಕೊಟ್ಟಿದ್ದರು. ಸೀಟಿನ ಬಗ್ಗೆ ಫೋನಿನಲ್ಲಿ ತಿಳಿಸುತ್ತೇನೆ ಎಂದು ಎದ್ದು ಬಂದೆ. ಆ ರಾತ್ರಿ ಅಮ್ಮನ ತಂಗಿಯ ಮನೆಯಲ್ಲಿ ಉಳಿದುಕೊಂಡೆವು.

ಬೂದು ಕಾಲೇಜು ಒಂದು ಹಳೆಯ ಎರಡು ಮಹಡಿಯ ಮನೆ. ನನ್ನ ಊಹೆ ಸರಿಯಾಗಿಯೇ ಇತ್ತು, ತೋರಿಸುವಂಥದ್ದೇನೂ ಇರಲಿಲ್ಲ. ಜಗಲಿಯ ತುಂಬ ಚಪ್ಪಲಿ, ಗೋಡೆಯ ತುಂಬ ಶಾಯಿಯ ಕಲೆ, ಹಿಂದಿನ ಕೋಣೆಯಿಂದ ಮುದ್ರಣಯಂತ್ರದ ಸದ್ದು. ಅಪ್ಪ ಹೊರಗೆ ಬೆಂಚಿನ ಮೇಲೆ ಕೂತರು. ಸಂದರ್ಶನಕ್ಕೆ ಇದ್ದವರು ಬಿಳಿಕೂದಲಿನ ಒಬ್ಬ ಟೀಚರು, ಅವರ ಪಕ್ಕ ಒಬ್ಬ ಯುವಕ ಮೇಷ್ಟ್ರು. ಟೀಚರು ನನ್ನ ಫೋಲ್ಡರನ್ನು ಕೂಡಲೇ ಬಿಚ್ಚಲಿಲ್ಲ. ಕೈಯಲ್ಲಿ ಹಿಡಿದು, ಮಡಿಕೆಯ ಮೇಲೆ ಹೆಬ್ಬೆರಳು ಓಡಿಸಿದರು. ಅಲ್ಲಿ ಬಿಳಿ ಗೆರೆ ಇರಲಿಲ್ಲ.

ಆಮೇಲಿನ ಅರ್ಧ ಗಂಟೆ ಅವರು ನನ್ನನ್ನು ಬಿಡಿಸಿ ಒಣಗಲು ಹಾಕಿದರು. ಈ ಪತ್ರಿಕೆಯಲ್ಲಿ ಒತ್ತಕ್ಷರ ಕೆಳಗಿನ ಸಾಲಿಗೆ ಯಾಕೆ ತಾಗಿದೆ? ಉಪ್ಪಿನಕಾಯಿ ಚೀಟಿಯಲ್ಲಿ ಮಾವಿನಕಾಯಿ ಯಾಕೆ ಬದನೆಕಾಯಿಯ ಹಾಗಿದೆ? ಗೊತ್ತಿದ್ದದ್ದಕ್ಕೆ ಉತ್ತರ ಕೊಟ್ಟೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೆ. ಕೊನೆಗೆ ನನ್ನ ಸರದಿ ಬಂದಾಗ ಬೂದು ಪುಸ್ತಕ ತೋರಿಸಿ ಅದೇ ಪ್ರಶ್ನೆ ಕೇಳಿದೆ.

"ಮೂರನೇ ವರ್ಷದೋರು ಮಾಡಿದ್ದು" ಎಂದರು ಟೀಚರು. "ಎರಡು ಸಲ ಹಾಳ್ಮಾಡಿದ್ರು. ಮೂರನೇ ಸಲದ್ದು ನಿಮ್ಮನೆಗೆ ಬಂದಿರೋದು."

ಎದ್ದು ಹೋಗಿ ಬೀರು ತೆಗೆದರು. ಅದರಲ್ಲಿ ಆ ಹಾಳಾದ ಎರಡು ಪುಸ್ತಕಗಳನ್ನೂ ಜೋಪಾನವಾಗಿ ಇಟ್ಟಿದ್ದರು, ಹೊಸದಾಗಿ ಬಂದವರಿಗೆ ತೋರಿಸಲು. ಒಂದರಲ್ಲಿ ಪುಟಗಳು ಹಿಂದುಮುಂದು. ಇನ್ನೊಂದರ ಮಡಿಕೆಯಲ್ಲಿ ಉದ್ದಕ್ಕೂ ಬಿಳಿ ಗೆರೆ. ಅದನ್ನು ಕಂಡು ನನಗೆ ತಡೆಯಲಾಗದೆ ನಗು ಬಂತು. ಯಾಕೆ ನಗುತ್ತೀ ಎಂದು ಕೇಳಿದರು. ಎಳೆಗೆ ಅಡ್ಡ ಮಡಚಿದ್ದಾರೆ ಎಂದೆ. ಯುವಕ ಮೇಷ್ಟ್ರು ಮುಂದಕ್ಕೆ ಬಾಗಿ, ಇದನ್ನು ಯಾರು ಹೇಳಿಕೊಟ್ಟರು ಎಂದರು. ಹೊರಗೆ ಕೂತಿದ್ದಾರೆ ಎಂದೆ.

ಅಪ್ಪನನ್ನು ಒಳಗೆ ಕರೆದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಶರಟಿನ ಕಾಲರ್ ಸರಿಮಾಡಿಕೊಂಡು ಅಪ್ಪ ಬಂದರು. ಯುವಕ ಮೇಷ್ಟ್ರು ಅವರನ್ನು ಹಿಂದಿನ ಮುದ್ರಣದ ಕೋಣೆಗೆ ಕರೆದುಕೊಂಡು ಹೋದವರು ಒಂದು ಗಂಟೆಯಾದರೂ ಬರಲಿಲ್ಲ. ನಾನು ಇಣುಕಿ ನೋಡಿದೆ. ಏಳೆಂಟು ಹುಡುಗ ಹುಡುಗಿಯರು ಸುತ್ತ ನಿಂತಿದ್ದರು. ಅಪ್ಪ ಒಂದು ಹಾಳೆಯನ್ನು ಬೆಳಕಿಗೆ ಹಿಡಿದು ಏನೋ ಹೇಳುತ್ತಿದ್ದರು, ಒಬ್ಬಳು ಬರೆದುಕೊಳ್ಳುತ್ತಿದ್ದಳು. ಮಿಲ್ಲು ನಿಂತ ಮೇಲೆ ಅಪ್ಪನ ಬೆನ್ನು ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ನೋಡಿರಲಿಲ್ಲ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಅಲ್ಲಿದ್ದವರಿಗೆಲ್ಲ ಅವರು ನಮ್ಮಪ್ಪ ಎಂದು ಕೂಗಿ ಹೇಳಬೇಕೆನಿಸಿತು. ಟೀಚರು ನನ್ನ ಹಿಂದೆ ಬಂದು ನಿಂತು, "ನಿಂಗೆ ಸೀಟಿದೆ. ಬೇಕೋ ಬೇಡ್ವೋ ಅಂತ ಯೋಚ್ನೆ ಮಾಡಿ ಹೇಳು" ಎಂದರು.

ಶನಿವಾರ ಹಗಲಿನ ರೈಲಿನಲ್ಲಿ ಊರಿಗೆ ಹೊರಟೆವು. ಇನ್ನೇನು, ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಅರಸೀಕೆರೆ ದಾಟಿದ ಮೇಲೆ ಅಪ್ಪ ಕಡಲೆಕಾಯಿ ಸುಲಿಯುತ್ತ, "ಯಾಕೆ ಅಂತ ನೀನಿನ್ನೂ ಹೇಳಿಲ್ಲ" ಎಂದರು.

"ನಿಮಗೂ ಇಷ್ಟ ಆಯ್ತಲ್ಲ ಅಪ್ಪ?"

"ನಂಗೆ ಇಷ್ಟ ಆಯ್ತು ಅಂತ ನೀನು ಸೇರ್ಬೇಡ. ನಾಲ್ಕು ವರ್ಷ ಅಲ್ಲಿರೋದು ನೀನು. ನನ್ನ ಕಾರಣ ನಂಗೆ. ನಿಂದು ಹೇಳು. ಸೋಮವಾರ ಬಂತು."

ಎಂಥ ಮನುಷ್ಯ! ಸಿಟ್ಟು ಬಂತು, ಮತ್ತೆ ಅವರು ಹೇಳಿದ್ದು ಸರಿ ಎಂದೂ ಅನಿಸಿತು. ಕಡೂರು, ಬೀರೂರು, ತರೀಕೆರೆ, ಒಂದೊಂದೇ ಸ್ಟೇಷನ್ ಹಿಂದೆ ಹೋಯಿತು. ಮಡಿಕೆ ಚೆನ್ನಾಗಿದೆ ಎಂದರೆ ಅದು ಅಪ್ಪನ ಕಾರಣ. ಟೀಚರು ಒಳ್ಳೆಯವರು ಎಂದರೆ ಆ ಮೇಡಮ್ಮೂ ಒಳ್ಳೆಯವರೇ. ಒಳಗೆ ಏನೋ ಗಟ್ಟಿಯಾಗಿ ಗೊತ್ತಿತ್ತು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ. ಭದ್ರಾವತಿ ಸ್ಟೇಷನ್ನಿನಲ್ಲಿ ರೈಲು ನಿಂತಾಗ ನನ್ನ ಫೋನು ಹೊಡೆದುಕೊಂಡಿತು. ಗಾಜಿನ ಕಟ್ಟಡದ ಮೇಡಂ.

"ಹಾಯ್ ಡಿಯರ್, ನಿನ್ನ ಸೀಟ್ ಕನ್ಫರ್ಮ್ ಮಾಡ್ಲಾ? ಇವತ್ತೇ ಕೊನೆ."

"ಬೇಡ ಮೇಡಂ" ಎಂದೆ.

ನಮ್ಮ ಕಾಲೇಜನ್ನು ಬೇಡ ಎನ್ನುವವರೂ ಉಂಟೇ ಎಂಬಂಥ ದನಿ ಆ ಕಡೆಯಿಂದ ಬಂತು. "ಓಹ್. ಫಾರಂನಲ್ಲಿ ಕಾರಣ ಬರೀಬೇಕು. ಏನಂತ ಬರ್ಕೊಳ್ಲಿ?"

ಅಪ್ಪ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿದರು. ಒಂದು ವಾರದಿಂದ ಸಿಗದೆ ಕಾಡಿಸಿದ್ದ ಆ ಒಂದು ಮಾತು ತಾನಾಗಿಯೇ ಬಾಯಿಂದ ಬಂತು.

"ನಿಮ್ಮಲ್ಲಿ ಹಾಳು ಮಾಡಕ್ಕೆ ಬಿಡಲ್ಲ, ಅವ್ರು ಬಿಡ್ತಾರೆ. ನಾನು ಹಾಳು ಮಾಡಿ ಮಾಡೀನೇ ಕಲಿಯೋಳು. ಹಾಗಂತಾನೇ ಬರ್ಕೊಳ್ಳಿ ಮೇಡಂ."

ಅದು ಒಂದೇ ಮಾತಾಗಿರಲಿಲ್ಲ, ಮೂರಾಗಿತ್ತು. ಮೇಡಂ ಬರೆದುಕೊಂಡರೋ ಇಲ್ಲವೋ, ಫೋನ್ ಕಟ್ಟಾಯಿತು. ನಾನು ಅಪ್ಪನ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಎದುರಿನ ಸೀಟಿನಲ್ಲಿ, ಅಡಿಕೆ ಮಂಡಿಯಲ್ಲಿ ಕೆಲಸ ಎಂದು ಆಗಲೇ ಪರಿಚಯ ಹೇಳಿಕೊಂಡಿದ್ದ ಯಜಮಾನರೊಬ್ಬರು ಬೆಳಗಿನಿಂದ ನಮ್ಮ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತ ಕೂತಿದ್ದರು. ಅವರಿಗೆ ತಡೆಯಲಾಗಲಿಲ್ಲ.

"ಯಾರದು ಫೋನು?" ಎಂದು ಅಪ್ಪನನ್ನು ಕೇಳಿದರು.

"ಬೆಂಗ್ಳೂರಿನ ಒಂದು ದೊಡ್ಡ ಕಾಲೇಜಿನೋರು" ಎಂದರು ಅಪ್ಪ.

"ಏನಂತೆ? ಹುಡುಗಿ ಪಾಸಾದ್ಲಾ?"

"ಇಲ್ಲ ಮಾರಾಯ್ರೇ" ಎಂದು ಅಪ್ಪ ಬಿಡಿಸಿದ ಕಡಲೆಕಾಯಿಯನ್ನೆಲ್ಲ ನನ್ನ ಅಂಗೈಗೆ ಸುರಿದರು. "ಇವ್ಳು ಅವ್ರನ್ನ ಫೇಲ್ ಮಾಡಿದ್ಲು."